ಹತ್ತು ಪಂದ್ಯ ಗೆದ್ದರೂ ತಪ್ಪದ ಬೈಗುಳ: ಅಯೋವಾ ಫುಟ್‌ಬಾಲ್ ಅಭಿಮಾನಿಗಳ ಸಿಟ್ಟು ಬೆಳೆದ ಬಗೆ

2023ರ ಋತುವಿನಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ ಆಡಿದ್ದು 14 ಪಂದ್ಯ. ಗಳಿಸಿದ್ದು 216 ಪಾಯಿಂಟ್, ಎದುರಾಳಿಗಳಿಗೆ ಬಿಟ್ಟುಕೊಟ್ಟಿದ್ದು 207. ಇಷ್ಟನ್ನೇ ನೋಡಿದರೆ ಏಳು ಗೆದ್ದು ಏಳು ಸೋತ ಸಾಧಾರಣ ತಂಡ ಅನ್ನಿಸುತ್ತದೆ. ಗೆದ್ದಿದ್ದು ಹತ್ತು. ಸೋತ ನಾಲ್ಕರಲ್ಲಿ ಮೂರು ಸಲ ಸೊನ್ನೆಗೆ ಮುಗಿಯಿತು: ಪೆನ್ ಸ್ಟೇಟ್ ಎದುರು 31-0, ಮಿಷಿಗನ್ ಎದುರು 26-0, ಟೆನೆಸ್ಸಿ ಎದುರು 35-0. ತಂಡ ಆರು ಗೆದ್ದು ಎರಡು ಸೋತು ಒಳ್ಳೆಯ ಸ್ಥಿತಿಯಲ್ಲಿದ್ದಾಗಲೇ, ಅಕ್ಟೋಬರ್ 30ರಂದು, ಅಫೆನ್ಸ್, ಅಂದರೆ ಚೆಂಡು ಕೈಯಲ್ಲಿದ್ದಾಗಿನ ಆಟ, ನಡೆಸುವ ಕೋಚ್ ಬ್ರಯಾನ್ ಫೆರೆಂಟ್ಜ್ ಮುಂದಿನ ವರ್ಷ ಇರುವುದಿಲ್ಲ ಎಂದು ವಿಶ್ವವಿದ್ಯಾಲಯ ಪ್ರಕಟಿಸಿಬಿಟ್ಟಿತು. ತಂಡದ ಮುಖ್ಯ ಕೋಚ್ ಕರ್ಕ್ ಫೆರೆಂಟ್ಜ್. ಬ್ರಯಾನ್ ಅವರ ಮಗ.

ಕ್ರಿಕೆಟ್‌ನ ಲೆಕ್ಕದಲ್ಲಿ ಹೇಳುವುದಾದರೆ, ಬಹುಕಾಲ ಬ್ಯಾಟಿಂಗಿನಲ್ಲಿ ಸಿರಿವಂತ, ಬೌಲಿಂಗಿನಲ್ಲಿ ಬಡವ ಅನ್ನಿಸಿಕೊಂಡಿದ್ದ ಆರ್‌ಸಿಬಿಯನ್ನು ತಲೆಕೆಳಗು ಮಾಡಿ ನಿಲ್ಲಿಸಿದರೆ ಅಯೋವಾ ಸಿಗುತ್ತದೆ: ಎದುರಾಳಿಯನ್ನು ತಡೆಯುವ ಡಿಫೆನ್ಸ್ ಸಿರಿವಂತ, ಅಫೆನ್ಸ್ ಬಡವ.

ಅಮೆರಿಕನ್ ಫುಟ್‌ಬಾಲ್ ನೋಡದವರಿಗೆ ಮೊದಲು ಸ್ವಲ್ಪ ಲೆಕ್ಕ. ಚೆಂಡು ಕೈಯಲ್ಲಿರುವ ತಂಡಕ್ಕೆ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಒಂದೊಂದು ಅವಕಾಶಕ್ಕೂ ಡೌನ್ ಎಂದು ಹೆಸರು. ದಾಟಿದರೆ ಮತ್ತೆ ನಾಲ್ಕು ಸಿಗುತ್ತವೆ. ಮೂರರಲ್ಲಿ ಆಗದಿದ್ದರೆ ನಾಲ್ಕನೆಯದರಲ್ಲಿ ಸಾಮಾನ್ಯವಾಗಿ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಒಪ್ಪಿಸುತ್ತಾರೆ. ಅದೇ ಪಂಟ್. ಚೆಂಡನ್ನು ಎದುರಾಳಿಯ ಗೋಲಿನೊಳಗೆ ಒಯ್ದರೆ ಅದು ಟಚ್‌ಡೌನ್, ಅದಕ್ಕೆ ಆರು ಪಾಯಿಂಟ್, ಅದರ ಬೆನ್ನಿಗೆ ಒದೆತಕ್ಕೆ ಇನ್ನೊಂದು. ಚೆಂಡನ್ನು ಕಂಬಗಳ ನಡುವೆ ಒದ್ದು ಹಾಯಿಸುವ ಫೀಲ್ಡ್ ಗೋಲ್‌ಗೆ ಮೂರು. ಎದುರಾಳಿಯನ್ನು ಅವನದೇ ಗೋಲಿನೊಳಗೆ ಕೆಡವಿದರೆ ಎರಡು, ಅದಕ್ಕೆ ಸೇಫ್ಟಿ ಎನ್ನುತ್ತಾರೆ.

ಪ್ರತಿ ಡೌನ್‌ಗೂ ಮೊದಲೇ ಹೆಣೆದಿಟ್ಟ ಒಂದು ಪ್ಲೇ ಇರುತ್ತದೆ. ನಮ್ಮ ಕುಸ್ತಿಯ ಪಟ್ಟು ಇದ್ದ ಹಾಗೆ, ಆದರೆ ಹನ್ನೊಂದು ಜನ ಒಟ್ಟಿಗೆ ಹಾಕುವ ಪಟ್ಟು. ಒಂದು ಕಾಲದಲ್ಲಿ ಯಾವುದು ಬೇಕೆಂದು ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡನ್ನು ಮೊದಲು ಕೈಗೆ ಪಡೆದು ಎಸೆಯುವ ಇಲ್ಲವೇ ಓಡುವವನಿಗೆ ಕೊಡುವ ಆಟಗಾರ, ಮೈದಾನದಲ್ಲೇ ತೀರ್ಮಾನಿಸುತ್ತಿದ್ದ. ಈಗ ಆ ಕೆಲಸ ಅಫೆನ್ಸಿವ್ ಕೋಆರ್ಡಿನೇಟರ್ ಎಂಬ ಕೋಚ್‌ನದು. ಕೈಯಲ್ಲಿ ಲ್ಯಾಮಿನೇಟ್ ಮಾಡಿದ ದೊಡ್ಡ ಹಾಳೆ. ಅದರಲ್ಲಿ ಮೊದಲ ಡೌನ್, ಎರಡನೆಯದಕ್ಕೆ ಉದ್ದದ ದೂರ, ಮೂರನೆಯದಕ್ಕೆ ಗಿಡ್ಡ ದೂರ, ಗೋಲಿನ ಹತ್ತಿರ ಎಂದು ಖಾನೆ ಖಾನೆಯಾಗಿ ಪಟ್ಟುಗಳು. ಗಡಿಯಾರ ಕೊಡುವುದು 40 ಸೆಕೆಂಡ್. ಅದರೊಳಗೆ ಆರಿಸಬೇಕು, ಕೈಸನ್ನೆಯಲ್ಲೋ ಮಣಿಕಟ್ಟಿನ ಪಟ್ಟಿಯ ನಂಬರಿನಲ್ಲೋ ಒಳಗೆ ಮುಟ್ಟಿಸಬೇಕು, ಆಟಗಾರರು ಸಾಲುಗಟ್ಟಿ ಎದುರಿನವರ ಜೋಡಣೆಯನ್ನು ಓದಬೇಕು. ಹೆಲ್ಮೆಟ್ಟಿನೊಳಗಿನ ರೇಡಿಯೋಗೆ ಕಾಲೇಜು ಫುಟ್‌ಬಾಲಿನ ಮೇಲಿನ ದರ್ಜೆಯಲ್ಲಿ ಅನುಮತಿ ಸಿಕ್ಕಿದ್ದೇ 2024ರಲ್ಲಿ. ಅದೂ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಬಂದ್. ಹೀಗೆ ಆಯ್ಕೆ ಒಬ್ಬನ ಕೈಗೆ ಬಂದ ಮೇಲೆ ಬೈಗುಳದ ವಿಳಾಸವೂ ಒಂದೇ ಆಯಿತು.

ಅಯೋವಾದಲ್ಲಿ ಈ ಸಿಟ್ಟು ಮಗನಿಂದ ಶುರುವಾದದ್ದಲ್ಲ. ಕರ್ಕ್ ಫೆರೆಂಟ್ಜ್ 1999ರಿಂದ ಮುಖ್ಯ ಕೋಚ್. ಮೂಲತಃ ಅಫೆನ್ಸಿವ್ ಲೈನ್ ಕಲಿಸಿದವರು, ಅಂದರೆ ಮುಂದಿನ ಸಾಲಿನಲ್ಲಿ ದೇಹಕ್ಕೆ ದೇಹ ಒತ್ತಿ ದಾರಿ ಬಿಡಿಸುವ ಐವರ ಗುರು. ಅವರ ಮೊದಲ ಕೋಆರ್ಡಿನೇಟರ್ ಕೆನ್ ಓಕೀಫ್ 2011ರವರೆಗೆ ಇದ್ದರು. 2002ರಲ್ಲಿ 11 ಗೆಲುವು ಬಂದಾಗ ಯಾರೂ ತುಟಿ ಬಿಚ್ಚಲಿಲ್ಲ, ಗೆಲುವು ಕಡಿಮೆಯಾದಂತೆ ‘ಓಡು, ಓಡು, ಎಸಿ, ಒದಿ’ ಎಂಬ ಗೊಣಗಾಟ ಎದ್ದಿತು. 2004ರಲ್ಲಿ ಪೆನ್ ಸ್ಟೇಟ್ ವಿರುದ್ಧ ಎರಡು ಫೀಲ್ಡ್ ಗೋಲ್ ಹೊಡೆದು, ಎರಡು ಸೇಫ್ಟಿ ಬಿಟ್ಟುಕೊಟ್ಟು 6-4ರಿಂದ ಗೆದ್ದದ್ದೂ ಇದೇ ಅವಧಿಯಲ್ಲಿ. 2012ರಲ್ಲಿ ಬಂದ ಗ್ರೆಗ್ ಡೇವಿಸ್, ಟೆಕ್ಸಸ್‌ನಲ್ಲಿ 2005ರ ರಾಷ್ಟ್ರೀಯ ಪ್ರಶಸ್ತಿ ಕಂಡವರು. ಮೊದಲ ವರ್ಷ ತಂಡ ಎಂಟು ಪಂದ್ಯ ಸೋತಿತು. ಅವರ ಮೇಲಿನ ದೂರೇ ಬೇರೆ: ಮೂರನೇ ಡೌನ್‌ಗೆ 8 ಗಜ ಬೇಕಿದ್ದರೆ 5 ಗಜದಲ್ಲಿ ನಿಂತವನಿಗೆ ಎಸೆಯುತ್ತಾರೆ, ಚೆಂಡು ಮುಂದಕ್ಕೆ ಹೋಗುವುದಕ್ಕಿಂತ ಅಡ್ಡಕ್ಕೆ ಹೋಗುವುದೇ ಹೆಚ್ಚು. ಅದೇ ಡೇವಿಸ್ ಕೈಯಲ್ಲಿ 2015ರಲ್ಲಿ ತಂಡ ಫೈನಲ್‌ಗೆ ಮುಂಚಿನ ಹನ್ನೆರಡೂ ಪಂದ್ಯ ಗೆದ್ದಿತು ಎನ್ನುವುದು ಈಗ ಯಾರಿಗೂ ನೆನಪಾಗುವುದಿಲ್ಲ.

2017ರಲ್ಲಿ ಕುರ್ಚಿ ಬ್ರಯಾನ್‌ಗೆ ಬಂತು. ಅಯೋವಾದಲ್ಲೇ ಲೈನ್‌ನಲ್ಲಿ ಆಡಿದವರು, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಎಂಬ ವೃತ್ತಿಪರ ತಂಡದಲ್ಲಿ ಕೆಲಸ ಮಾಡಿದವರು, 2012ರಿಂದ ತಂದೆಯ ತಂಡದಲ್ಲೇ ಲೈನ್ ಕೋಚ್. ಸ್ವಜನ ಪಕ್ಷಪಾತದ ನಿಯಮ ಅಡ್ಡ ಬರಬಾರದೆಂದು ಅವರ ಮೇಲಧಿಕಾರಿ ತಂದೆಯಲ್ಲ, ಕ್ರೀಡಾ ನಿರ್ದೇಶಕ ಗ್ಯಾರಿ ಬಾರ್ಟಾ ಎಂದು ಕಾಗದದಲ್ಲಿ ಬರೆದುಕೊಂಡರು. ಮುಂದಿನ ಗೋಜಲಿನ ಗಂಟು ಇಲ್ಲೇ ಬಿದ್ದದ್ದು. ಕೋಆರ್ಡಿನೇಟರ್ ಸರಿಯಿಲ್ಲದಿದ್ದರೆ ಬದಲಾಯಿಸುವುದು ಮುಖ್ಯ ಕೋಚ್ ಕೆಲಸ. ಇಲ್ಲಿ ಮುಖ್ಯ ಕೋಚ್‌ಗೆ ಅಧಿಕೃತವಾಗಿ ಆ ಜವಾಬ್ದಾರಿಯಿಲ್ಲ. ಜವಾಬ್ದಾರಿಯಿದ್ದ ನಿರ್ದೇಶಕರು ಪಟ್ಟು ಹೆಣೆಯುವವರಲ್ಲ.

ಶುರುವಿನಲ್ಲಿ ಯಾರಿಗೂ ಇದು ಚುಚ್ಚಲಿಲ್ಲ. ಮೊದಲ ವರ್ಷವೇ ಓಹಾಯೋ ಸ್ಟೇಟ್ ತಂಡವನ್ನು 55-24ರಿಂದ ಕೆಡವಿದರು. ಟಿ.ಜೆ. ಹಾಕೆನ್ಸನ್, ನೋವಾ ಫ್ಯಾಂಟ್ ಎಂಬ ಇಬ್ಬರು ಟೈಟ್ ಎಂಡ್‌ಗಳು, ಅಂದರೆ ಲೈನ್‌ನ ತುದಿಯಲ್ಲಿ ನಿಂತು ದಾರಿ ಬಿಡಿಸುವ, ಪಾಸ್ ಹಿಡಿಯುವ ಆಟಗಾರರು, 2019ರಲ್ಲಿ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಹೊಸಬರನ್ನು ಆರಿಸುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಹೋದರು. ಇಳಿತ ಕಂಡದ್ದು 2021ರಿಂದ. ಆ ವರ್ಷ ದೇಶದಲ್ಲಿ ಎರಡನೇ ಸ್ಥಾನದವರೆಗೆ ಏರಿದ ತಂಡ ತವರಲ್ಲೇ ಪರ್ಡ್ಯೂಗೆ 24-7ರಿಂದ ಸೋತಿತು, ತಾನು ಆಡುವ ಬಿಗ್ ಟೆನ್ ಎಂಬ ಲೀಗಿನ ಫೈನಲ್‌ನಲ್ಲಿ ಮಿಷಿಗನ್‌ಗೆ 42-3ರಿಂದ.

ಇನ್ನು ಮೈದಾನದ ಒಳಗೆ ಏನು ಕೆಟ್ಟಿತು ಎಂಬ ಮಾತು. ಅಯೋವಾದ ಅಡಿಪಾಯ ಔಟ್‌ಸೈಡ್ ಜೋನ್ ಎಂಬ ಓಟದ ಪಟ್ಟು. ಲೈನ್‌ನ ಐವರೂ ಒಂದೇ ದಿಕ್ಕಿಗೆ, ಬಲಕ್ಕೆ ಎಂದುಕೊಳ್ಳಿ, ಮೊದಲ ಹೆಜ್ಜೆ ಅಡ್ಡಕ್ಕೆ ಇಡುತ್ತಾರೆ. ಒಬ್ಬೊಬ್ಬನೂ ತನ್ನ ಎದುರಾಳಿಯ ಹೊರಭುಜವನ್ನು ಹಿಡಿದು ಅವನನ್ನು ಒಳಕ್ಕೆ ಮುಚ್ಚಬೇಕು. ಚೆಂಡು ಹಿಡಿದವನು ಅಂಚಿನತ್ತ ಓಡುತ್ತಾ ನೋಡುತ್ತಾನೆ: ಹೊರಗೆ ದಾರಿಯಿದ್ದರೆ ಹೊರಗೆ, ನಡುವೆ ಬಿರುಕಿದ್ದರೆ ಅಲ್ಲಿ, ಎಲ್ಲರೂ ಬಲಕ್ಕೆ ಜಾರಿದ್ದರೆ ಹಿಂದಕ್ಕೆ ಕತ್ತರಿಸಿ ಎಡಕ್ಕೆ. ಕಾಲು ತಿರುಗಿಸುವುದು ಒಂದೇ ಸಲ. ಎರಡನೇ ಸಲ ತಿರುಗಿಸಲು ಹೋದವನು ಹಿಂದೆಯೇ ಬೀಳುತ್ತಾನೆ. ಐವರಲ್ಲಿ ಒಬ್ಬ ಅರ್ಧ ಹೆಜ್ಜೆ ತಡಮಾಡಿದರೆ ಸಾಕು, ಎದುರಾಳಿ ನಡುವೆ ನುಗ್ಗಿ ಎರಡು ಗಜ ಹಿಂದೆಯೇ ಹಿಡಿಯುತ್ತಾನೆ. 2022ರಲ್ಲಿ ಸೆಂಟರ್, ಅಂದರೆ ಲೈನ್‌ನ ನಡುವಿನವ, ಟೈಲರ್ ಲಿಂಡರ್‌ಬಾಮ್ ಎನ್‌ಎಫ್‌ಎಲ್‌ಗೆ ಹೋದ ಮೇಲೆ ಉಳಿದ ಲೈನ್‌ಗೆ ಆ ಅರ್ಧ ಹೆಜ್ಜೆ ದಕ್ಕಲೇ ಇಲ್ಲ.

ಈ ಓಟ ಎದುರಾಳಿಯನ್ನು ನಂಬಿಸಿದ ಮೇಲೆ ಬರುವುದು ಬೂಟ್‌ಲೆಗ್: ಎಡಕ್ಕೆ ಚೆಂಡು ಕೊಟ್ಟ ಹಾಗೆ ನಟಿಸಿ ಕ್ವಾರ್ಟರ್‌ಬ್ಯಾಕ್ ಬಲಕ್ಕೆ ಹೊರಳುತ್ತಾನೆ. ಅವನ ಕಣ್ಣೆದುರು ಮೂರು ಮೆಟ್ಟಿಲು. ಹತ್ತಿರದ ಅಂಚಿನಲ್ಲಿ ಒಬ್ಬ, ಹತ್ತು ಹನ್ನೆರಡು ಗಜದಲ್ಲಿ ಅಡ್ಡ ಹಾಯುವ ಟೈಟ್ ಎಂಡ್, ಇನ್ನೊಬ್ಬ ಆಳದಲ್ಲಿ. ಕಾಗದದ ಮೇಲೆ ಸೊಗಸು. ಆದರೆ ಓಟಕ್ಕೆ ಯಾರೂ ಹೆದರದಿದ್ದಾಗ ಅಂಚಿನ ಡಿಫೆಂಡರ್ ಆ ನಟನೆಗೆ ಬಗ್ಗುವುದಿಲ್ಲ, ಅಲ್ಲೇ ನಿಂತಿರುತ್ತಾನೆ. ಬೆನ್ನು ಹಾಕಿ ಹೊರಳಿ ಬಂದ ನಿಧಾನಗಾಲಿನ ಕ್ವಾರ್ಟರ್‌ಬ್ಯಾಕ್‌ಗೆ ಮೊದಲು ಕಾಣುವುದು ಅವನ ಎದೆ.

ಇದಕ್ಕಿಂತ ಮೂಲದ ತೊಡಕು ತಲೆಲೆಕ್ಕದ್ದು. ಐವರು ಲೈನ್‌ನವರು, ಒಬ್ಬ ಟೈಟ್ ಎಂಡ್, ಓಡುವವನ ಮುಂದೆ ನುಗ್ಗುವ ಒಬ್ಬ ಫುಲ್‌ಬ್ಯಾಕ್, ಒಟ್ಟು ಏಳು ಜನ ದಾರಿ ಬಿಡಿಸುವವರು. ದೂರದ ಪಾಸ್ ಬರುವುದಿಲ್ಲ ಎಂಬ ಧೈರ್ಯವಿದ್ದರೆ ಎದುರಾಳಿ ಎಂಟು ಜನರನ್ನು ಮುಂದೆ ತಂದು ನಿಲ್ಲಿಸುತ್ತಾನೆ. ಎಂಟನೆಯವನನ್ನು ತಡೆಯುವವರೇ ಇಲ್ಲ. ಹೆಚ್ಚಿನ ಕಾಲೇಜು ತಂಡಗಳು ಈ ಕೊರತೆಯನ್ನು ಕ್ವಾರ್ಟರ್‌ಬ್ಯಾಕ್‌ನನ್ನೇ ಓಡಿಸಿ ತುಂಬಿಕೊಂಡವು: ಆ ಎಂಟನೆಯವನನ್ನು ತಡೆಯದೆ ಬಿಟ್ಟು, ಅವನು ಯಾರ ಕಡೆ ನುಗ್ಗುತ್ತಾನೋ ನೋಡಿ ಚೆಂಡನ್ನು ಇನ್ನೊಬ್ಬನಲ್ಲಿ ಉಳಿಸುವುದು. ಅಯೋವಾದ ಸ್ಪೆನ್ಸರ್ ಪೆಟ್ರಸ್, ಡೀಕನ್ ಹಿಲ್ ಓಡುವ ಜಾತಿಯವರಲ್ಲ. ಹಾಗಾಗಿ ಅಯೋವಾ ಓಡುವಾಗಲೆಲ್ಲ ಹತ್ತು ಜನ ಹನ್ನೊಂದು ಜನರ ಎದುರು ಆಡುತ್ತಿದ್ದರು.

ಫಲ ಏನೆಂದರೆ, ಮೊದಲ ಡೌನ್‌ನಲ್ಲಿ ಓಟ, 2 ಗಜ. ಎರಡನೆಯದರಲ್ಲಿ ಮತ್ತೆ ಓಟ, 1 ಗಜ. ಉಳಿದಿದ್ದು 7 ಗಜ, ಇನ್ನು ಪಾಸ್ ಎಂದು ಗ್ಯಾಲರಿಯಲ್ಲಿ ಪಾಪ್‌ಕಾರ್ನ್ ಮಾರುವವನಿಗೂ ಗೊತ್ತು. ಮೊದಲ ಡೌನ್‌ನಲ್ಲಿ ಬೇಕಾದ ದೂರದ ಅರ್ಧ, ಎರಡನೆಯದರಲ್ಲಿ ಉಳಿದದ್ದರ ಶೇ. 70, ಮೂರನೆಯದರಲ್ಲಿ ಪೂರ್ತಿ ದಕ್ಕಿದರೆ ಆ ಪ್ಲೇ ಯಶಸ್ವಿ ಎಂಬುದು ವಿಶ್ಲೇಷಕರ ರೂಢಿಯ ಅಳತೆ. ಆ ಅಳತೆಗೆ ಹಿಡಿದರೆ ಮೇಲಿನ ಮೂರರಲ್ಲಿ ಮೊದಲೆರಡು ಹಾಳು, ಮೂರನೆಯದಕ್ಕೆ ಸಿಕ್ಕಿದ್ದು ಬಾಡಿದ ಅವಕಾಶ. ಗ್ಯಾಲರಿ ಬೈಯುವುದು ಮೂರನೆಯದನ್ನು. ಕೆಟ್ಟದ್ದು ಬಹುಪಾಲು ಮೊದಲನೆಯದರಲ್ಲೇ.

ಎಸೆದ ಚೆಂಡು ಹಿಡಿಯುವವರೂ ಉಳಿಯಲಿಲ್ಲ. ಚಾರ್ಲಿ ಜೋನ್ಸ್ 2021ರಲ್ಲಿ ಅಯೋವಾದಲ್ಲಿ ಹಿಡಿದದ್ದು 21 ಪಾಸ್. 2022ಕ್ಕೆ ಪರ್ಡ್ಯೂಗೆ ಹೋದ. ಅಲ್ಲಿ 110 ಪಾಸ್, 1,361 ಗಜ, 12 ಟಚ್‌ಡೌನ್. ಒಬ್ಬನೇ ಆಟಗಾರ, ಎರಡು ಪ್ಲೇಬುಕ್. ಕೋಚ್ ಪರವಾಗಿ ಹೇಳುವ ಎಲ್ಲ ಸಮರ್ಥನೆಗಳಿಗಿಂತ ಈ ಅಂಕಿಯ ತೂಕವೇ ಹೆಚ್ಚು ಎಂದು ನನಗನ್ನಿಸುತ್ತದೆ. ಸಮರ್ಥನೆಯೇ ಇಲ್ಲವೆಂದಲ್ಲ. 2023ರಲ್ಲಿ ಮಿಷಿಗನ್‌ನಿಂದ ಕರೆತಂದ ಕ್ವಾರ್ಟರ್‌ಬ್ಯಾಕ್ ಕೇಡ್ ಮ್ಯಾಕ್‌ನಮಾರಾ ಐದನೇ ಪಂದ್ಯದಲ್ಲೇ ಮೊಣಕಾಲಿಗೆ ಗಾಯ ಮಾಡಿಕೊಂಡು ಹೊರಬಿದ್ದ. ಟೈಟ್ ಎಂಡ್‌ಗಳಾದ ಲ್ಯೂಕ್ ಲಾಚಿ, ಎರಿಕ್ ಆಲ್ ಇಬ್ಬರೂ ಗಾಯಗೊಂಡು ಹೊರಬಿದ್ದರು. ಹಿಲ್ ಎಸೆದ ಪಾಸ್‌ಗಳಲ್ಲಿ ಅರ್ಧದಷ್ಟೂ ಗುರಿ ಮುಟ್ಟಲಿಲ್ಲ. ಯಾವ ಹಾಳೆ ಹಿಡಿದರೂ ಇಂಥ ಕಡೆ ಕೈ ಕಟ್ಟುತ್ತದೆ.

ಹಾಗಿದ್ದೂ ಗೆದ್ದದ್ದು ಹೇಗೆ? ಫಿಲ್ ಪಾರ್ಕರ್ ಅವರ ಡಿಫೆನ್ಸ್, ಮತ್ತೆ ಟೋರಿ ಟೇಲರ್ ಎಂಬ ಆಸ್ಟ್ರೇಲಿಯಾದ ಹುಡುಗನ ಕಾಲು. 2022ರ ಸೆಪ್ಟೆಂಬರ್ 3ರ ಪಂದ್ಯ ಇದರ ಮಾದರಿ. ಕೆಳಗಿನ ದರ್ಜೆಯ ಸೌತ್ ಡಕೋಟಾ ಸ್ಟೇಟ್ ಎದುರು ಅಯೋವಾ ಗೆದ್ದಿದ್ದು 7-3ರಿಂದ. ಏಳು ಅಂದರೆ ಟಚ್‌ಡೌನ್ ಅಲ್ಲ. ಒಂದು ಫೀಲ್ಡ್ ಗೋಲ್, ಎರಡು ಸೇಫ್ಟಿ. ಇಡೀ ಪಂದ್ಯದಲ್ಲಿ ಅಫೆನ್ಸ್ ಸಾಗಿದ್ದು 166 ಗಜ. ಟೇಲರ್ ಒದೆದ ಚೆಂಡು ಎದುರಾಳಿಯ ಗೋಲಿನ ಬುಡದಲ್ಲಿ ನಿಲ್ಲುತ್ತಿತ್ತು, ಡಿಫೆನ್ಸ್ ಅಲ್ಲೇ ಅವರನ್ನು ಕೆಡವುತ್ತಿತ್ತು. ಮೂರು ವಾರದ ಮೇಲೆ ರಟ್ಗರ್ಸ್ ವಿರುದ್ಧ 27 ಪಾಯಿಂಟ್ ಬಂದಾಗ ಎರಡು ಟಚ್‌ಡೌನ್ ಹೊಡೆದದ್ದೂ ಡಿಫೆನ್ಸ್. 2023ರಲ್ಲಂತೂ ಟೇಲರ್ 93 ಪಂಟ್‌ಗಳಲ್ಲಿ 4,479 ಗಜ ಒದ್ದು 1938ರಿಂದ ಇದ್ದ ದಾಖಲೆ ಮುರಿದ. ಅದೇ ವರ್ಷ ಅಫೆನ್ಸ್ ಸಾಗಿದ ಒಟ್ಟು ದೂರ ಸುಮಾರು 3,300 ಗಜ. ‘ಪಂಟ್ ಎಂದರೆ ಗೆಲುವು’ ಎಂದು ಬರೆದ ಟೀ ಶರ್ಟ್ ಮಾರಾಟವಾದದ್ದು ತಮಾಷೆಗೆ. ಆದರೆ ಕರ್ಕ್ ಫೆರೆಂಟ್ಜ್ ಅವರ ಆಟದ ಲೆಕ್ಕಾಚಾರ ನಿಜಕ್ಕೂ ಅದೇ. ಚೆಂಡು ಕಳೆದುಕೊಳ್ಳಬೇಡ, ಒದ್ದು ಒಪ್ಪಿಸು, ಎದುರಾಳಿ ತಪ್ಪುವವರೆಗೆ ಕಾಯಿ. ಬಿಗ್ ಟೆನ್‌ನ ಪಶ್ಚಿಮ ವಿಭಾಗದಲ್ಲಿ ಇದು ಚಲಾವಣೆಯಾಯಿತು, ಯಾಕೆಂದರೆ ಮಿಷಿಗನ್, ಓಹಾಯೋ ಸ್ಟೇಟ್, ಪೆನ್ ಸ್ಟೇಟ್ ಮೂರೂ ಪೂರ್ವದಲ್ಲಿದ್ದವು. 2015, 2021, 2023ರಲ್ಲಿ ಅಯೋವಾ ವಿಭಾಗ ಗೆದ್ದಿತು, ಮೂರೂ ಸಲ ಪೂರ್ವದವರ ಎದುರು ಫೈನಲ್ ಸೋತಿತು.

2022 ಮುಗಿದಾಗ ಸರಾಸರಿ 17.7 ಪಾಯಿಂಟ್. ಒಟ್ಟು ಗಜದಲ್ಲಿ ಮೇಲಿನ ದರ್ಜೆಯ 131 ತಂಡಗಳಲ್ಲಿ 130ನೆಯ ಸ್ಥಾನ. 2023ರ ಫೆಬ್ರವರಿಯಲ್ಲಿ ಬಾರ್ಟಾ ಒಂದು ವಿಚಿತ್ರ ಕರಾರು ತಂದರು. ಬ್ರಯಾನ್ ಸಂಬಳ 9 ಲಕ್ಷ ಡಾಲರ್‌ನಿಂದ 8.5 ಲಕ್ಷಕ್ಕೆ ಇಳಿಕೆ. ಕೆಲಸ ಉಳಿಯಬೇಕಾದರೆ ಕನಿಷ್ಠ ಏಳು ಗೆಲುವು, ಪಂದ್ಯಕ್ಕೆ ಸರಾಸರಿ 25 ಪಾಯಿಂಟ್. ಡಿಫೆನ್ಸ್ ಹೊಡೆದ ಪಾಯಿಂಟೂ ಲೆಕ್ಕಕ್ಕೆ ಸೇರುತ್ತದೆ. ಫೈನಲ್ ಬಿಟ್ಟು 13 ಪಂದ್ಯಕ್ಕೆ 325 ಎಂದು ಗುಣಿಸಿಕೊಂಡ ದೇಶವೇ ಪ್ರತಿ ಶನಿವಾರ ಎಣಿಸುತ್ತಾ ಕೂತಿತು. ಮೊದಲ ಪಂದ್ಯದಲ್ಲಿ ಯೂಟಾ ಸ್ಟೇಟ್ ವಿರುದ್ಧ ಬಂದದ್ದು 24, ಒಂದು ಕಡಿಮೆ. ಅಳತೆಗೋಲೇ ತಪ್ಪಾಗಿತ್ತು. 25 ಎಂಬುದು ಅಫೆನ್ಸಿನ ಗುಣವನ್ನು ಅಳೆಯುವುದಿಲ್ಲ. ಗೆಲುವು ಖಚಿತವಾದ ಮೇಲೂ ಇನ್ನೊಂದು ಟಚ್‌ಡೌನ್ ಬೇಕೆ ಎಂಬ ಪ್ರಶ್ನೆಯನ್ನು ಕೋಚ್‌ನ ತಲೆಗೆ ತುರುಕುತ್ತದೆ, ಅಷ್ಟೆ. ಎಂಟು ಪಂದ್ಯಕ್ಕೆ ಸರಾಸರಿ 19.5 ಇದ್ದಾಗ, ಬಾರ್ಟಾ ನಿವೃತ್ತಿಯ ನಂತರ ಹಂಗಾಮಿಯಾಗಿ ಬಂದ ಬೆತ್ ಗೆಟ್ಸ್ ಎಣಿಕೆಯನ್ನು ಮಧ್ಯದಲ್ಲೇ ನಿಲ್ಲಿಸಿದರು. ಆಮೇಲೆ ತಂಡ ಸತತ ನಾಲ್ಕು ಗೆದ್ದಿತು: 10-7, 22-0, 15-13, 13-10. ಬೈಗುಳವೂ ಗೆಲುವೂ ಜೊತೆಜೊತೆಯಾಗಿ ನಡೆದವು.

2024ಕ್ಕೆ ಟಿಮ್ ಲೆಸ್ಟರ್ ಬಂದರು. ಔಟ್‌ಸೈಡ್ ಜೋನ್ ಹಾಗೇ ಉಳಿಯಿತು. ಬದಲಾದದ್ದು ಅದರ ಸುತ್ತಲಿನ ಸಿಂಗಾರ: ಪ್ಲೇಗೆ ಮುಂಚೆ ಆಟಗಾರರನ್ನು ಅತ್ತಿತ್ತ ಸರಿಸಿ ಎದುರಾಳಿಯ ಎಣಿಕೆ ತಪ್ಪಿಸುವುದು, ಒಂದೇ ಪಟ್ಟನ್ನು ಹಲವು ವೇಷದಲ್ಲಿ ತೋರಿಸುವುದು. ಕೇಲೆಬ್ ಜಾನ್ಸನ್ ಒಬ್ಬನೇ 1,537 ಗಜ ಓಡಿದ. ಸರಾಸರಿ 27.7ಕ್ಕೆ ಏರಿತು, ಗೆಲುವು ಮಾತ್ರ ಹತ್ತರಿಂದ ಎಂಟಕ್ಕೆ ಇಳಿಯಿತು. ನೆಬ್ರಾಸ್ಕಾ ವಿರುದ್ಧ ಲೀಗ್ ಹಂತದ ಕೊನೆಯ ಪಂದ್ಯದ ಫಲಿತಾಂಶ ಹಿಂದಿನ ವರ್ಷದ್ದೇ: 13-10.

2025ಕ್ಕೆ ಹೊಸ ಕ್ವಾರ್ಟರ್‌ಬ್ಯಾಕ್ ಆಗಿ ಸೇರಿಕೊಂಡವನು ಮಾರ್ಕ್ ಗ್ರೊನೋವ್ಸ್ಕಿ. 2022ರ ಆ 7-3 ಪಂದ್ಯದಲ್ಲಿ ಟೇಲರ್ ಒದೆದ ಚೆಂಡಿಗೆ ಸಿಕ್ಕಿ ತನ್ನ ಗೋಲಿನ ಬಾಯಲ್ಲೇ ಒದ್ದಾಡಿದ ಸೌತ್ ಡಕೋಟಾ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ ಅವನೇ.