ಮದ್ದು ಬೇರಿಗೆ, ಪೆಟ್ಟು ಎಲೆಗೆ

ಮಂಗಳೂರು, ಉಡುಪಿ ಕಡೆಯ ಪದವುಗಳಲ್ಲಿ, ಅಂದರೆ ಗುಡ್ಡೆ ಮೇಲಿನ ಬಯಲುಗಳಲ್ಲಿ, ಈಗ ಮುಳಿಹುಲ್ಲು ಬೇಕಾದರೆ ಹುಡುಕಬೇಕು. ದನ ಮೇಯುತ್ತಿದ್ದ ಕುಮ್ಕಿ (ಹಿಡುವಳಿಗೆ ತಾಗಿದ ಸರಕಾರಿ) ಜಾಗಗಳನ್ನು ಲಂಟಾನ, ಕಮ್ಯುನಿಸ್ಟ್ ಗಿಡ, ಅಕೇಶಿಯಾ ನುಂಗುತ್ತಿವೆ. "ಬುಡಕ್ಕೆ ಏನಾದರೂ ಮದ್ದು ಸುರಿದರೆ ಬೇರು ಸುಟ್ಟು ಹೋಗುವುದಿಲ್ವಾ?" ಎಂದು ಕೇಳುವವರು ತುಂಬಾ ಜನ.

ಇಲ್ಲ, ಹಾಗೆ ಆಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಗ್ಲೈಫೋಸೇಟ್ ಎಂಬ ಕಳೆನಾಶಕ ಎಲೆಯಿಂದ ಒಳಗೆ ಇಳಿಯುವಂಥದ್ದು. ಬುಡಕ್ಕೆ ಸುರಿದರೆ ನಮ್ಮ ಕೆಂಪು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡ್‌ಗಳು ಅದನ್ನು ಗಟ್ಟಿಯಾಗಿ ಹಿಡಿದುಬಿಡುತ್ತವೆ. ಬೇರಿಗೆ ಸಿಗುವುದು ಅತ್ಯಲ್ಪ.

ಮಣ್ಣಿಗೇ ಹಾಕುವ ಕಳೆನಾಶಕಗಳ ಜಾತಿಯೇ ಬೇರೆ. ಅಮೆರಿಕದ ಟೆಕ್ಸಾಸ್, ನ್ಯೂ ಮೆಕ್ಸಿಕೊದ ಹುಲ್ಲುಗಾವಲುಗಳಲ್ಲಿ ಶಿನ್ನರಿ ಓಕ್, ಕ್ರಿಯೋಸೋಟ್ ಪೊದೆಗಳ ಮೇಲೆ ಟೆಬುಥಿಯುರಾನ್ ಗುಳಿಗೆಗಳನ್ನು ವಿಮಾನದಿಂದ ಉದುರಿಸುತ್ತಾರೆ. ಗುಳಿಗೆ ಬಿದ್ದಲ್ಲೇ ಕೂತಿರುತ್ತದೆ. ಮಳೆ ಬಂದಾಗ ಕರಗಿ ಇಳಿಯುತ್ತದೆ. ಅದರ ಸುತ್ತ ಅಂಗೈಯಷ್ಟು ಹುಲ್ಲು ಒಣಗಬಹುದು, ನಡುವಿನ ಹುಲ್ಲು ಉಳಿಯುತ್ತದೆ. ಪೊದೆಯ ಬೇರು ಮಾತ್ರ ಅಗಲಕ್ಕೆ ಚಾಚಿರುತ್ತದೆ, ಹಾಗಾಗಿ ಹತ್ತಾರು ಗುಳಿಗೆಗಳ ರಸ ಒಂದೇ ಗಿಡಕ್ಕೆ ಸೇರುತ್ತದೆ.

ಬೇರು ಅದನ್ನು ನೀರಿನ ಜೊತೆ ಮೇಲಕ್ಕೆ ಕಳಿಸುತ್ತದೆ. ನಿಜವಾದ ಸ್ವಾರಸ್ಯ ಇರುವುದು ಎಲೆಯಲ್ಲಿ. ಬಿಸಿಲಿನಿಂದ ಹೊರಟ ಎಲೆಕ್ಟ್ರಾನ್‌ಗಳನ್ನು ಹೊತ್ತೊಯ್ಯಲು ಪ್ಲಾಸ್ಟೊಕ್ವಿನೋನ್ ಎಂಬ ಅಣು ಇದೆ. ಅದು ಡಿ1 ಎಂಬ ಪ್ರೋಟೀನಿನ ಒಂದು ಪುಟ್ಟ ಗೂಡಿಗೆ ಬರಬೇಕು, ಎಲೆಕ್ಟ್ರಾನ್ ತಗೊಂಡು ಹೊರಡಬೇಕು. ಮದ್ದು ಬಂದು ಆ ಜಾಗ ಹಿಡಿಯುತ್ತದೆ, ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದಂತೆ. ಎಲೆಕ್ಟ್ರಾನ್ ಹೊರುವವರಿಲ್ಲ, ಬಿಸಿಲು ಮಾತ್ರ ಬೀಳುತ್ತಲೇ ಇರುತ್ತದೆ. ದಾರಿ ಕಾಣದ ಆ ಶಕ್ತಿ ಆಮ್ಲಜನಕವನ್ನು ಕೆರಳಿಸುತ್ತದೆ, ಕೆರಳಿದ ಆಮ್ಲಜನಕ ಎಲೆಯ ಜೀವಕೋಶದ ಪೊರೆಗಳನ್ನು ಹರಿಯುತ್ತದೆ. ಎಲೆ ಹಳದಿಯಾಗಿ ಉದುರುತ್ತದೆ. ಬೇರಿನಲ್ಲಿ ಕೂಡಿಟ್ಟ ಪಿಷ್ಟ ಖರ್ಚು ಮಾಡಿ ಗಿಡ ಮತ್ತೆ ಚಿಗುರುತ್ತದೆ, ಅದೇ ಬೇರು ಮತ್ತೆ ಅದೇ ಮದ್ದು ಕಳಿಸುತ್ತದೆ. ಎರಡು ಮೂರು ವರ್ಷಗಳಲ್ಲಿ ಬೇರಿನ ಖಜಾನೆಯೇ ಖಾಲಿ! ಬಿಸಿಲಿನಿಂದ ಶಕ್ತಿ ಪಡೆಯುವ ಕೆಲವು ಬ್ಯಾಕ್ಟೀರಿಯಾಗಳಲ್ಲೂ ಇಂಥದ್ದೇ ಗೂಡಿದೆ. ಆ ಗೂಡಿರುವ, ಬೆಳಕು ಹಿಡಿಯುವ ಯಂತ್ರದ ಅಣುರಚನೆ ಬಿಡಿಸಿದ್ದಕ್ಕೆ ಮಿಶೆಲ್, ಡೈಸೆನ್‌ಹೋಫರ್, ಹೂಬರ್ ಅವರಿಗೆ 1988ರ ರಸಾಯನ ನೊಬೆಲ್ ಬಂತು.

ಹಾಗಾದರೆ ಇಲ್ಲಿಗೂ ತರಿಸೋಣವೇ? ದಯವಿಟ್ಟು ಬೇಡ. ಈ ಮದ್ದು ಮಣ್ಣಿನಲ್ಲಿ ವರ್ಷಕ್ಕೂ ಜಾಸ್ತಿ ಉಳಿಯುತ್ತದೆ, ನೀರಿನ ಜೊತೆ ಸಲೀಸಾಗಿ ಹರಿಯುತ್ತದೆ. ಅಲ್ಲಿನ ಒಣನೆಲಗಳಲ್ಲಿ ವರ್ಷದ ಮಳೆ 500 ಮಿಲಿಮೀಟರ್ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ನಮ್ಮಲ್ಲಿ 3,500 ದಾಟುತ್ತದೆ. ತೂತು ತೂತಾದ ಮುರಕಲ್ಲಿನ ಪದವಿನಲ್ಲಿ ಚೆಲ್ಲಿದ್ದು ಕೆಳಗಿನ ಬಾವಿಗೆ, ನೀರಿನ ಸುರಂಗಕ್ಕೆ, ಅಡಿಕೆ ತೋಟಕ್ಕೆ ಇಳಿಯಲು ಒಂದು ಆಟಿ ತಿಂಗಳ ಮಳೆ ಸಾಕು. ಅಡಿಕೆಯ ಎಲೆಯಲ್ಲೂ ಅದೇ ಗೂಡು ಇದೆ ಅಲ್ವಾ?

ಲಂಟಾನಕ್ಕಂತೂ ಪಿಕ್ಕಾಸೇ ಸಾಕು. ಅದು ಮತ್ತೆ ಚಿಗುರುವುದು ಕಾಂಡ ಬೇರಿಗೆ ಸೇರುವ ಜಾಗದಿಂದ. ಅದಕ್ಕಿಂತ ಸ್ವಲ್ಪ ಕೆಳಗೆ, ಮಣ್ಣಿನೊಳಗೇ ಬೇರು ಕಡಿಯಬೇಕು. ಕಿತ್ತ ಗಿಡವನ್ನು ಬೇರು ಮೇಲಾಗಿ ನಿಲ್ಲಿಸಿ ಒಣಗಲು ಬಿಡಬೇಕು. ಹೂ ಬಿಟ್ಟು ಕಾಯಿ ಹಣ್ಣಾಗುವ ಮೊದಲೇ ಈ ಕೆಲಸ ಮುಗಿಸಿ. ಇಲ್ಲದಿದ್ದರೆ ಪಿಕಳಾರಗಳು ಹಣ್ಣು ತಿಂದು ಬೀಜವನ್ನು ಪಕ್ಕದ ಗುಡ್ಡೆಗೆ ದಾಟಿಸುತ್ತವೆ.