ಸಲಾಲಾದಲ್ಲಿ ಮಳೆ ಅಷ್ಟಿಲ್ಲ, ಮತ್ತೆ ಆ ಹಸಿರು ಎಲ್ಲಿಂದ ಬಂತು?

ಪ್ರಶ್ನೆ: ನಾವು ಒಮಾನಿನ ಮಸ್ಕತ್‌ನಲ್ಲಿದ್ದೇವೆ. ಜುಲೈಯಲ್ಲಿ ಊರಿಂದ ಅಮ್ಮ ಬರುತ್ತಾರೆ. "ಸಲಾಲಾಗೆ ಕರ್ಕೊಂಡು ಹೋಗಿ, ಅಲ್ಲೀಗ ಮಳೆಗಾಲ" ಅಂತ ಎಲ್ಲರೂ ಹೇಳುತ್ತಾರೆ. ಇಲ್ಲಿ ಹೊರಗೆ ಕಾಲಿಡಲಾಗದ ಬಿಸಿಲು. ಅದೇ ದೇಶದಲ್ಲಿ ಅಲ್ಲಿ ಮಾತ್ರ ಹಸಿರು ಹೇಗೆ? ನಮ್ಮೂರ ಮಳೆಗಾಲದ ಹಾಗೇ ಇರುತ್ತದಾ?

ಉತ್ತರ: ಹಸಿರು ನಿಜ. ಆದರೆ ಅಮ್ಮ ಕರಾವಳಿಯವರೋ ಮಲೆನಾಡಿನವರೋ ಆಗಿದ್ದರೆ ಮೊದಲೇ ಹೇಳಿಬಿಡಿ, ಅಲ್ಲಿ ಧೋ ಎಂದು ಸುರಿಯುವುದಿಲ್ಲ. ಸಲಾಲಾದಲ್ಲಿ ಇಡೀ ವರ್ಷಕ್ಕೆ ಬೀಳುವುದು 100 ಮಿಲಿಮೀಟರ್ ಆಸುಪಾಸಿನ ಮಳೆ. ಆಗುಂಬೆಯಲ್ಲಿ ಒಂದೇ ದಿನ ಅಷ್ಟು ಬಿದ್ದರೂ ಅದು ಸುದ್ದಿಯಲ್ಲ. ಸಲಾಲಾವನ್ನು ಹಸಿರಾಗಿಸುವುದು ಮಂಜು.

ಗಾಳಿ ಮಾತ್ರ ನಮ್ಮದೇ, ಅದೇ ನೈಋತ್ಯ ಮುಂಗಾರು. ನಮ್ಮಲ್ಲಿ ಅದು ಘಟ್ಟಕ್ಕೆ ನೇರವಾಗಿ ಬಂದು ಬಡಿದು, ಮೇಲೇರಿ, ಮಳೆ ಸುರಿಸುತ್ತದೆ. ಸಲಾಲಾ ಇರುವ ದೋಫಾರ್ ಪ್ರಾಂತ್ಯದಲ್ಲಿ ಅದು ಹೆಚ್ಚುಕಡಿಮೆ ದಡದ ಉದ್ದಕ್ಕೇ ಬೀಸುತ್ತದೆ. ಹಾಗೆ ಬೀಸುವಾಗ ಸಮುದ್ರದ ಮೇಲಿನ ಬೆಚ್ಚಗಿನ ನೀರು ದಡ ಬಿಟ್ಟು ಆಚೆ ಸರಿಯುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಎದ್ದು ಬರುತ್ತದೆ. ತೇವ ತುಂಬಿದ ಗಾಳಿ ಈ ತಣ್ಣೀರಿನ ಮೇಲೆ ಹಾದಾಗ ಮಂಜಾಗುತ್ತದೆ. ಸಲಾಲಾದ ಬೆನ್ನಿಗೇ ಗುಡ್ಡಗಳ ಸಾಲಿದೆ, ಮಂಜು ಅಲ್ಲಿ ಸಿಕ್ಕಿಬೀಳುತ್ತದೆ. ಮೇಲಕ್ಕೆ ಹೋಗೋಣ ಎಂದರೆ ಒಳನಾಡಿನ ಮರುಭೂಮಿಯ ಒಣ ಬಿಸಿಗಾಳಿ ಪಾತ್ರೆಯ ಮುಚ್ಚಳದ ಹಾಗೆ ಕೂತಿರುತ್ತದೆ. ಮೋಡ ಎತ್ತರಕ್ಕೆ ಬೆಳೆಯುವುದೇ ಇಲ್ಲ. ಹಾಗಾಗಿ ಬರೀ ಸೋನೆ, ತುಂತುರು, ದಿನವಿಡೀ.

ಉಳಿದ ಕೆಲಸ ಮರಗಳದ್ದು. ಎಲೆ, ರೆಂಬೆಗಳಿಗೆ ತಾಗಿದ ಮಂಜು ಹನಿಯಾಗಿ ಬುಡಕ್ಕೆ ತೊಟ್ಟಿಕ್ಕುತ್ತದೆ. ಮಳೆಯ ಲೆಕ್ಕಕ್ಕೆ ಸಿಗದ ನೀರು ಇದು. ಮರ ಕಡಿದರೆ ಈ ನೀರೂ ಹೋದಂತೆಯೇ. ಅಂದಹಾಗೆ, ಅಲ್ಲಿನ ಮಂಜುಕಾಡಿನ ಮುಖ್ಯ ಮರ ನಮ್ಮ ಕಾಡಿನ ದಿಂಡಿಗ ಮರದ ಹತ್ತಿರದ ಸಂಬಂಧಿ.

ಭಾರಿ ಮಳೆ ಬಂದರೆ ಅದು ಚಂಡಮಾರುತದ್ದು. 2018ರ ಮೇ ತಿಂಗಳಲ್ಲಿ ಮೆಕುನು ಬಂದಾಗ ವರ್ಷಗಳ ಮಳೆ ಕೆಲವೇ ದಿನಗಳಲ್ಲಿ ಸುರಿದುಹೋಯಿತು.

ಈ ಕಾಲಕ್ಕೆ ಅಲ್ಲಿಯವರು 'ಖರೀಫ್' ಎನ್ನುತ್ತಾರೆ. ಕೇಳಿದ ಹಾಗಿದೆ ಅಲ್ವಾ? ನಮ್ಮ ಕೃಷಿ ಇಲಾಖೆಯ ಖಾರಿಫ್ ಬೆಳೆಯ ಖಾರಿಫ್ ಇದೇ ಅರಬ್ಬಿ ಪದ. ಮೂಲದಲ್ಲಿ ಅದಕ್ಕೆ ಶರತ್ಕಾಲ ಎಂಬ ಅರ್ಥ. ಜೂನ್ ಕೊನೆಯಿಂದ ಸೆಪ್ಟೆಂಬರ್ ಮೂರನೇ ವಾರದವರೆಗೆ ಸಲಾಲಾದಲ್ಲಿ ಖರೀಫ್ ಹಬ್ಬವೂ ನಡೆಯುತ್ತದೆ. ಈದ್ ಧರ್ಮದ ಹಬ್ಬ, ಇದು ಹಾಗಲ್ಲ, ಸುಮ್ನೆ ಹವೆಯ ಹಬ್ಬ. ಸೌದಿಯಿಂದ, ಎಮಿರೇಟ್ಸ್‌ನಿಂದ ಕಾರು ತುಂಬಾ ಜನ ಬರುತ್ತಾರೆ. ಹಾಡು, ಕುಣಿತ, ಅಂಗಡಿ ಸಾಲು ಎಲ್ಲ ಇರುತ್ತದೆ. ಆದರೆ ನನಗೆ ಇಷ್ಟವಾಗುವ ದೃಶ್ಯ ಬೇರೆ. ಹುಲ್ಲಿನ ಮೇಲೆ ಚಾಪೆ ಹಾಸಿ, ಸೋನೆಯಲ್ಲಿ ನೆನೆಯುತ್ತಾ, ಏನೂ ಮಾಡದೆ ಕೂತ ಕುಟುಂಬಗಳು. ಮಳೆ ಬಂದರೆ ಒಳಗೆ ಓಡುವ ನಮಗೆ ಇದು ವಿಚಿತ್ರ.

ಹೊರಗಿನವರು ಗುಡ್ಡ ಹತ್ತುವ ಹೊತ್ತಿಗೆ ಒಂಟೆಗಳು ಇಳಿದಿರುತ್ತವೆ. ಗುಡ್ಡದ ಕೆಸರಿನಲ್ಲಿ ಅವು ಜಾರುತ್ತವೆ, ನೊಣದ ಕಾಟ ಬೇರೆ. ಹಾಗಾಗಿ ಸಾಕುವವರು ಬಯಲಿಗೆ ತರುತ್ತಾರೆ, ಖರೀಫ್ ಮುಗಿದ ಮೇಲೆ ವಾಪಸ್ ಹತ್ತಿಸುತ್ತಾರೆ. ಈ ಗುಡ್ಡದ ಜನರ ಮನೆಮಾತು ಜಿಬ್ಬಾಲಿ, ಅರಬ್ಬಿಯಲ್ಲ.

ಒಂದು ದಿನ ತುಮ್ರೈತ್ ರಸ್ತೆಯಲ್ಲಿ ಗುಡ್ಡ ದಾಟಿ ನೋಡಿ. ಮಂಜು ಗೆರೆ ಎಳೆದ ಹಾಗೆ ನಿಲ್ಲುತ್ತದೆ, ಆಚೆ ಬೋಳು ಕಲ್ಲು. ಲುಬಾನ್ ಮರ ಬೆಳೆಯುವುದು ಆ ಒಣ ಪಕ್ಕದಲ್ಲಿ. ತೊಗಟೆ ಕೆತ್ತಿದಾಗ ಒಸರುವ ಅಂಟು ಒಣಗಿ ಧೂಪವಾಗುತ್ತದೆ. ನಮ್ಮ ದರ್ಗಾಗಳ ಮುಂದೆ ಸಿಗುವ ಲೋಬಾನಕ್ಕೆ ಹೆಸರು ಬಂದದ್ದು ಇದರಿಂದಲೇ, ಅಂಟು ಹಲವು ಸಲ ಬೇರೆ ಮರದ್ದಾದರೂ. ಅಲ್ಲೇ ಇರುವ ವಾದಿ ದೌಕಾದ ಲುಬಾನ್ ತೋಪು 2000ದಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ಹೋಗುವುದಾದರೆ ಜುಲೈ ಕೊನೆಗೆ ಹೋಗಿ, ಅಷ್ಟರಲ್ಲಿ ಹುಲ್ಲು ಚೆನ್ನಾಗಿ ಬಂದಿರುತ್ತದೆ. ಮಸ್ಕತ್‌ನಿಂದ ರಸ್ತೆ ಸುಮಾರು 1,000 ಕಿಲೋಮೀಟರ್. ಗುಡ್ಡದ ಮಂಜಿನಲ್ಲಿ ಮುಂದಿನ ಗಾಡಿ ಕಾಣುವುದಿಲ್ಲ, ನಿಧಾನ. ಸಮುದ್ರಕ್ಕೆ ಇಳಿಯಲೇಬೇಡಿ, ಆಗ ಅಲೆ ಜಾಸ್ತಿ. ಅಮ್ಮನಿಗೊಂದು ಶಾಲು ಇರಲಿ. ರಸ್ತೆ ಬದಿಯಲ್ಲಿ ಎಳನೀರು, ಬಾಳೆಹಣ್ಣು ಮಾರುತ್ತಾರೆ, ಎರಡೂ ಅಲ್ಲಿನ ತೋಟದ್ದೇ. ಎಳನೀರಿನ ರೇಟನ್ನು ರೂಪಾಯಿಗೆ ತಿರುಗಿಸಿ ಅಮ್ಮನಿಗೆ ಮಾತ್ರ ಹೇಳಬೇಡಿ.