ಮಂಗಳನಲ್ಲಿ ಊರು ಕಟ್ಟುವ ಲೆಕ್ಕ: ಕೋಲಾರದ ಓದುಬಳಗಕ್ಕೆ

ಕಳೆದ ಭಾನುವಾರ ಗ್ರಂಥಾಲಯದಲ್ಲಿ ಕೂತಿದ್ದಾಗ ಒಬ್ಬರು ಕೇಳಿದರು: ರಾಕೆಟ್ ಅಗ್ಗವಾದರೆ ಮಂಗಳ ಗ್ರಹದಲ್ಲಿ ಜನ ನೆಲೆಸಬಹುದಲ್ಲವೇ? ಇಲ್ಲಿ ಎರಡು ಲೆಕ್ಕಗಳು ಬೆರೆತಿವೆ. ಹೋಗುವ ಖರ್ಚು ಒಂದು, ಹೋದ ಮೇಲೆ ಬದುಕುವ ಖರ್ಚು ಇನ್ನೊಂದು. ಬಿಡಿಸಿಕೊಂಡೇ ಓದಬೇಕು.

ಮೊದಲು ಹೋಗುವ ಲೆಕ್ಕ. ಭೂಮಿಯ ಕಕ್ಷೆ ಸೇರಲು, ಗಾಳಿ ಮತ್ತು ಗುರುತ್ವದಿಂದಾಗುವ ನಷ್ಟವೂ ಸೇರಿ, ಸೆಕೆಂಡಿಗೆ ಸುಮಾರು 9.4 ಕಿ.ಮೀ. ವೇಗ ಗಳಿಸಬೇಕು. ಎಂಜಿನ್ನಿನಿಂದ ಚಿಮ್ಮುವ ಅನಿಲದ ವೇಗ ಸೆಕೆಂಡಿಗೆ 3.3 ಕಿ.ಮೀ. ಎಂದಿಟ್ಟುಕೊಳ್ಳಿ. ಭಾಗಿಸಿದರೆ 2.85. ರಷ್ಯಾದ ವಿಜ್ಞಾನಿ ಸಿಯೋಲ್ಕೋವ್‌ಸ್ಕಿ 1903ರಲ್ಲಿ ಪ್ರಕಟಿಸಿದ ಸಮೀಕರಣದಂತೆ 2.718ನ್ನು (ಗಣಿತದಲ್ಲಿ e ಎನ್ನುವ ಸ್ಥಿರಸಂಖ್ಯೆ) 2.85ರ ಘಾತಕ್ಕೆ ಏರಿಸಿ. ಸುಮಾರು 17 ಬರುತ್ತದೆ. ಅಂದರೆ ನೆಲದ ಮೇಲೆ 17 ಟನ್ ತೂಗುವ ರಾಕೆಟ್‌ನಲ್ಲಿ 16 ಟನ್ ಉರಿದುಹೋಗುವ ಇಂಧನ ಮತ್ತು ಆಮ್ಲಜನಕ. ಟ್ಯಾಂಕ್, ಎಂಜಿನ್, ಸರಕು ಎಲ್ಲವೂ ಉಳಿದ ಒಂದು ಟನ್ನಿನಲ್ಲಿ ಅಡಗಬೇಕು. ಅದಕ್ಕಾಗಿಯೇ ರಾಕೆಟ್ಟನ್ನು ಹಂತಗಳಾಗಿ ಕಟ್ಟಿ, ಖಾಲಿಯಾದದ್ದನ್ನು ಕಳಚುತ್ತಾರೆ. ಕಳಚಿದ್ದು ದಶಕಗಳ ಕಾಲ ಸಮುದ್ರದ ಪಾಲಾಗುತ್ತಿತ್ತು.

ಇಲಾನ್ ಮಸ್ಕ್ 2002ರಲ್ಲಿ ಸ್ಪೇಸ್‌ಎಕ್ಸ್ ಕಟ್ಟಿದರು. ಫಾಲ್ಕನ್ 1ರ ಮೊದಲ ಮೂರು ಉಡಾವಣೆಗಳು ಸೋತು, 2008ರ ಸೆಪ್ಟೆಂಬರ್‌ನಲ್ಲಿ ನಾಲ್ಕನೆಯದು ಕಕ್ಷೆ ಮುಟ್ಟಿತು. ಅದೇ ಡಿಸೆಂಬರ್‌ನಲ್ಲಿ ಸರಕು ಸಾಗಣೆಗಾಗಿ ನಾಸಾ 160 ಕೋಟಿ ಡಾಲರ್‌ಗಳ ಗುತ್ತಿಗೆ ಕೊಟ್ಟಿತು. ಖಾಸಗಿ ಸಾಹಸದ ಬೆನ್ನಿಗೆ ಸರ್ಕಾರದ ದುಡ್ಡೂ ಇತ್ತೆಂಬುದನ್ನು ಮರೆಯಬೇಡಿ. 2015ರ ಡಿಸೆಂಬರ್‌ನಲ್ಲಿ ಫಾಲ್ಕನ್ 9ರ ಮೊದಲ ಹಂತ ಉಪಗ್ರಹಗಳನ್ನು ಕಳುಹಿಸಿ ನೆಲಕ್ಕೆ ನೆಟ್ಟಗೆ ಇಳಿಯಿತು. ಆ ರಾಕೆಟ್ಟಿನ ಹತ್ತು ಎಂಜಿನ್‌ಗಳಲ್ಲಿ ಒಂಬತ್ತು ಇರುವುದು ಮೊದಲ ಹಂತದಲ್ಲೇ. ಅದು ಮರಳಿ ಬಂದರೆ ಎಷ್ಟು ಉಳಿತಾಯವೆಂದು ನೀವೇ ಊಹಿಸಿ. ನಮ್ಮಲ್ಲಿ ಸ್ಕೈರೂಟ್ ಕಂಪನಿಯ ವಿಕ್ರಮ್-ಎಸ್ 2022ರ ನವೆಂಬರ್‌ನಲ್ಲಿ ಹಾರಿತು. ಅದು ಕಕ್ಷೆ ಸೇರುವ ರಾಕೆಟ್ ಆಗಿರಲಿಲ್ಲ.

ಇನ್ನು ಬದುಕುವ ಲೆಕ್ಕ. ನನಗೆ ಹೆಚ್ಚು ಮುಖ್ಯವೆನಿಸುವುದು ಇದೇ. ಮಂಗಳನ ಗಾಳಿಯಲ್ಲಿ ಶೇ. 95ರಷ್ಟು ಇಂಗಾಲದ ಡೈಆಕ್ಸೈಡ್. ಒತ್ತಡ ನಮ್ಮಲ್ಲಿನ ನೂರರಲ್ಲೊಂದು ಭಾಗಕ್ಕಿಂತ ಕಡಿಮೆ. ನಾಸಾದ ಪರ್ಸಿವರೆನ್ಸ್ ರೋವರ್‌ನಲ್ಲಿದ್ದ ಮಾಕ್ಸಿ ಉಪಕರಣ ಆ ಗಾಳಿಯಿಂದಲೇ ಆಮ್ಲಜನಕ ತೆಗೆಯಿತು. 2021ರಿಂದ 2023ರವರೆಗೆ 16 ಬಾರಿ ನಡೆದು ಒಟ್ಟು 122 ಗ್ರಾಂ. ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 840 ಗ್ರಾಂ ಬೇಕು. ಅಲ್ಲಿಗೆ ಅಷ್ಟೂ ಸೇರಿ ಒಬ್ಬರಿಗೆ ಮೂರೂವರೆ ಗಂಟೆಯ ಉಸಿರು. ಆಗಬಹುದೆಂದು ತೋರಿಸಿತು, ಹಾದಿ ದೂರವಿದೆ ಎಂದೂ ತೋರಿಸಿತು.

ನೀರಿನ ಮಾತು ಕೋಲಾರದವರಿಗೆ ಬೇಗ ಅರ್ಥವಾಗುತ್ತದೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಹರಿಸುತ್ತಿದ್ದಾರೆ. ಉಳಿದ ಕಲ್ಮಶವನ್ನೂ ತೆಗೆಯುವ ಮೂರನೇ ಹಂತದ ಶುದ್ಧೀಕರಣವೂ ಬೇಕೆಂದು ಇಲ್ಲಿಯ ಜನ ಕೇಳುತ್ತಲೇ ಇದ್ದಾರೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಬೆವರು, ಮೂತ್ರ ಸೇರಿದಂತೆ ಶೇ. 98ರಷ್ಟು ನೀರನ್ನು ಮರಳಿ ಪಡೆಯುತ್ತಾರೆ. ಉಳಿದದ್ದನ್ನು ಭೂಮಿಯಿಂದ ಒಯ್ಯಬಹುದು. ಆದರೆ ಮಂಗಳನಿಗೆ ಹೊರಡಲು ಅನುಕೂಲವಾದ ಸಮಯ ಬರುವುದೇ 26 ತಿಂಗಳಿಗೊಮ್ಮೆ.

ಇನ್ನೊಂದು ಪಾಠ ಕೆ.ಜಿ.ಎಫ್.ನಲ್ಲಿದೆ. 1965ರಲ್ಲಿ ಅಲ್ಲಿಯ ಗಣಿಯೊಳಗೆ, ಎರಡು ಕಿ.ಮೀ.ಗೂ ಹೆಚ್ಚು ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿ ಬಂಡೆಯನ್ನೂ ತೂರಿ ಬರುವ ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣಗಳ ಸುಳಿವು ಸಿಕ್ಕಿತು. ಅಷ್ಟು ಆಳಕ್ಕೆ ಇಳಿದದ್ದು ಬಾಹ್ಯಾಕಾಶದಿಂದಾಗಿ ಬರುವ ಬೇರೆ ಕಿರಣಗಳನ್ನು ಬಂಡೆ ತಡೆಯಲಿ ಎಂದೇ. ಅಂಥ ಕಿರಣಗಳನ್ನು ತಡೆಯಲು ಮಂಗಳನಿಗೆ ದಟ್ಟ ಗಾಳಿಯಿಲ್ಲ, ಇಡೀ ಗ್ರಹವನ್ನು ಆವರಿಸುವ ಕಾಂತಕ್ಷೇತ್ರವೂ ಇಲ್ಲ. ಅಷ್ಟು ಆಳ ಬೇಕಿಲ್ಲವಾದರೂ, ಬಹುಕಾಲ ನೆಲೆಸುವವರು ಮಣ್ಣನ್ನು ಮನೆಯ ಮೇಲೆ ಹೊದಿಸಿಕೊಳ್ಳಲೇಬೇಕಾದೀತು.

ಅದೇ ಕೆ.ಜಿ.ಎಫ್. ದುಡ್ಡಿನ ಲೆಕ್ಕವನ್ನೂ ಹೇಳುತ್ತದೆ. ಖಾಸಗಿ ಕಂಪನಿಯೊಂದು ಒಣನೆಲದಲ್ಲಿ ಊರು ಬೆಳೆಸಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಎಲ್ಲದರ ಖರ್ಚನ್ನೂ ಚಿನ್ನ ತುಂಬಿತು. ಮುಂದೆ ಗಣಿ ಸರ್ಕಾರದ ಕೈಗೆ ಬಂತು. ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿದ ಮೇಲೆ 2001ರಲ್ಲಿ ಅದನ್ನು ಮುಚ್ಚಿದರು. ಮಂಗಳನಿಂದ ಭೂಮಿಗೆ ತಂದು ಮಾರಿ ಸಾಗಣೆ ಖರ್ಚನ್ನು ತುಂಬಬಲ್ಲ ವಸ್ತು ಯಾವುದೂ ಈವರೆಗೆ ಕಂಡಿಲ್ಲ. ಮುಂದಿನ ಭಾನುವಾರ ಈ ಪ್ರಶ್ನೆಯಿಂದಲೇ ಶುರುಮಾಡೋಣ.